ನೀಲಿ ಬೀಳದ ಹಕ್ಕಿ

ಚಿಮಣಿ, ಬಾಳ್ಯಾ, ನನ್ನ ಮೊಮ್ಮಕ್ಕಳೇ, ನಿಮ್ಮಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಇದನ್ನು ನಿಮ್ಮವ್ವನೇ ಓದಿ ಹೇಳಬೇಕು. ಓದುವಾಗ ಅವಳು ನಡುನಡುವೆ ತನ್ನ ಮಾತನ್ನೂ ಸೇರಿಸುತ್ತಾಳೆ, ಅದು ಅವಳ ಚಾಳಿ. ಅನುಮಾನ ಬಂದಲ್ಲಿ ತಡೆದು, ಇದು ಆಜಿ ಬರೆದದ್ದೋ ನೀನು ಸೇರಿಸಿದ್ದೋ ಎಂದು ಕೇಳಿ. ಕೇಳಲು ನಾಚಬೇಡಿ. ನಾನು ನಾಚಿ ಕೇಳದೆ ಕುಳಿತು ಬಹಳ ಸಂಕಟಪಟ್ಟಿದ್ದೇನೆ.

ಹಳ್ಳಿಯ ಶಾಲೆಯಲ್ಲಿ ಕಲಿತಷ್ಟೇ ನನ್ನ ಬರಹ. ತಪ್ಪಿದ್ದರೆ ತಿದ್ದಿಕೊಳ್ಳಿ. ಬರೆಯಲು ಕಾರಣ ನಾಲ್ಕು ಅಂಚೆಚೀಟಿಗಳು. ಅವು ನಮ್ಮ ಮನೆಗೆ ಹೇಗೆ ಬಂದವು ಎಂದು ಒಬ್ಬರು ನನ್ನನ್ನು ಕೇಳಿದರು. ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ನಿಮ್ಮ ಯಜಮಾನರು ಕದ್ದ ಮಾಲು ಇಟ್ಟುಕೊಂಡಿದ್ದರೇ? ಅಜ್ಜ ಉತ್ತರ ಕೊಡಲು ಇಲ್ಲ. ಇದ್ದವಳು ನಾನು, ನನಗೇ ಗೊತ್ತಿರಲಿಲ್ಲ.

ಚಿಮಣಿ, ನಿನಗೆ ನೆನಪಿರಬೇಕು. ಶಾಲೆಯಲ್ಲಿ ಅಂಚೆಚೀಟಿಗಳ ಆಲ್ಬಮ್ ಮಾಡಿ ತರಲು ಹೇಳಿದ್ದರು. ರಜೆಗೆ ನಾಶಿಕ್ ರೋಡಿನ ನಮ್ಮ ಮನೆಗೆ ಬಂದವಳು ಹಳೆಯ ಕಾಗದಗಳ ಕಟ್ಟನ್ನೆಲ್ಲ ಬಿಚ್ಚಿ ಹಾಕಿದೆ. ಅಷ್ಟಕ್ಕೂ ಸಾಲದೆ ಅಜ್ಜನ ಕಂಪಾಸ್ ಪೆಟ್ಟಿಗೆಯನ್ನು ತೆಗೆದೆ. ಅವರು ಹೋದ ಮೇಲೆ ನಾನು ಅದನ್ನು ಒರೆಸಿ ಇಡುತ್ತಿದ್ದೆ, ತೆರೆದಿರಲಿಲ್ಲ. ಕಂಪಾಸಿನ ಕೆಳಗೆ ಬೆಣ್ಣೆ ಕಾಗದದ ಒಂದು ಮಡಿಕೆ ಇತ್ತು. ಅದರಲ್ಲಿ ಹರಿಯದೆ ಒಂದೇ ತುಂಡಾಗಿದ್ದ ನಾಲ್ಕು ಚೀಟಿಗಳಿದ್ದವು. ಯಾವುದಕ್ಕೂ ಮೊಹರು ಬಿದ್ದಿರಲಿಲ್ಲ.

"ಆಜೀ, ಹಾ ಪಕ್ಷಿ ಬಘ, ನೋಡ! ಇದಕ್ಕ ಕಲರ್ ಹಾಕಾಕ ಮರ್ತಾರ!" ಎಂದು ನೀನು ಕೂಗಿದೆ.

ಮೀನು ಹಿಡಿಯುವ ಹಕ್ಕಿಯ ಚಿತ್ರ. ಕೊಕ್ಕಿಗೆ ಬಣ್ಣವಿತ್ತು, ಎದೆಗೆ ಬಣ್ಣವಿತ್ತು, ಕೂತ ಟೊಂಗೆಗೂ ಇತ್ತು. ರೆಕ್ಕೆ, ತಲೆ, ಬೆನ್ನು ಮಾತ್ರ ಬೆಳ್ಳಗೆ ಬಿಟ್ಟುಹೋಗಿದ್ದವು. ಅಂಥ ಹಕ್ಕಿಗೆ ನೀಲಿಯೇ ಇಲ್ಲದಿದ್ದರೆ ಉಳಿಯುವುದೇನು? ನೀನು ಆಗಲೇ ಅಂಟಿನ ಡಬ್ಬಿಯ ಮುಚ್ಚಳ ತೆಗೆದಿದ್ದೆ. ನಿಮ್ಮಪ್ಪ ಕೈ ಹಿಡಿದು ತಡೆದರು.

"ಅತ್ತಿಯವರ, ಇದು ಸಾದಾ ಚೀಟಿ ಅಲ್ರಿ. ಒಂದು ಬಣ್ಣ ತಪ್ಪಿದ್ದು. ಇಂಥಾವನ್ನ ಹುಡಿಕ್ಕೋತ ತಿರಗೋ ಮಂದಿ ಇದ್ದಾರ" ಎಂದರು.

"ತಪ್ಪಿದ್ದನ್ನ ಯಾಕ ಹುಡುಕ್ತಾರಪ್ಪ?"

"ಸರಿ ಇದ್ದಿದ್ದು ಎಲ್ಲಾರ ಹತ್ರನೂ ಇರ್ತದಲ್ರಿ."

ನಿಮ್ಮಪ್ಪ ನಿಮ್ಮ ಸಂಭಾಜಿನಗರದ ಪಕ್ಕದ ಶೇಂದ್ರಾದ ಕಾರ್ಖಾನೆಯವರು, ಏನು ಕಂಡರೂ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರೆ. ಚೀಟಿಯದನ್ನೂ ತೆಗೆದು ಯಾವುದೋ ಗುಂಪಿಗೆ ಹಾಕಿದರು. ಊಟಕ್ಕೆ ಕೂರುವಷ್ಟರಲ್ಲಿ ಗೊತ್ತಿಲ್ಲದ ನಂಬರುಗಳಿಂದ ಫೋನುಗಳು ಬರತೊಡಗಿದವು. ಒಬ್ಬ ಹಿಂದಿಯಲ್ಲಿ, ಮಾರುತ್ತೀರಾ ಎಂದು ಕೇಳಿದ. ಇನ್ನೊಬ್ಬ ಅದನ್ನೂ ಕೇಳದೆ, ಮನೆ ಎಲ್ಲಿ ಬರುತ್ತದೆ ಎಂದ. ಅಂದಿನಿಂದಲೇ ನನಗೆ ಅನುಮಾನ ಹತ್ತಿತು. ಮಧ್ಯಾಹ್ನ ಬಾಗಿಲು ಬಡಿದವರನ್ನೆಲ್ಲ ಕಿಟಕಿಯಿಂದ ನೋಡಿ ತೆರೆಯತೊಡಗಿದೆ. ಗ್ಯಾಸಿನವನನ್ನು ಕೂಡ ನಿಲ್ಲಿಸಿದ್ದೆ.

ನಿಮ್ಮಪ್ಪನಿಗೆ ಸಂಭಾಜಿನಗರದಲ್ಲಿ ಹಳೆಯ ನಾಣ್ಯ, ನೋಟು, ಅಂಚೆಚೀಟಿಗಳ ಅಂಗಡಿಯವರೊಬ್ಬರು ಗೊತ್ತಿದ್ದರು. ತೋರಿಸಿ ಕೇಳೋಣ, ಮಾರುವುದು ಬೇಡ ಎಂದು ಮಾತಾಯಿತು. ನಿಮ್ಮನ್ನು ಬಿಡಲು ನಾನೂ ಜೊತೆಗೆ ಬಂದೆ. ಚೀಟಿಗಳನ್ನು ಹನುಮಂತನ ಫೋಟೋದ ಹಿಂದೆ ಇಟ್ಟು, ಫೋಟೋವನ್ನು ಸೀರೆಯಲ್ಲಿ ಸುತ್ತಿ, ಸೀರೆಯನ್ನು ಚೀಲದ ತಳದಲ್ಲಿ ಇಟ್ಟಿದ್ದೆ. ಅರ್ಧ ದಾರಿಯ ಯೇವಲಾ ದಾಟುವವರೆಗೂ ಚೀಲ ತೊಡೆಯ ಮೇಲಿತ್ತು. ಬಾಳ್ಯಾ, ನೀನು ಅದರ ಮೇಲೆ ತಲೆ ಇಟ್ಟು ಮಲಗಿದ್ದೆ. ಅದೇ ಒಳ್ಳೆಯದಾಯಿತು ಅಂದುಕೊಂಡೆ.

ಅಂಗಡಿಯವರು ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಕೂರುತ್ತಿದ್ದರು. ವಯಸ್ಸಾದವರು, ಮಾತು ಮೆತ್ತಗೆ. ಅವರಾಡಿದ್ದು ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ಚೀಟಿಗಳನ್ನು ಕೈಯಿಂದ ಮುಟ್ಟಲಿಲ್ಲ. ಚಪ್ಪಟೆ ತುದಿಯ ಸಣ್ಣ ಚಿಮಟದಿಂದ ಎತ್ತಿ, ಭೂತಗನ್ನಡಿಯಲ್ಲಿ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು.

"ಖರೇ ಅದ" ಎಂದರು ಕೊನೆಗೆ. "ಕೆಲವರು ಬಣ್ಣ ತೊಳೆದು, ಬಿಸಿಲಿಗೆ ಹಿಡಿದು ಮೋಸ ಮಾಡ್ತಾರೆ. ಇದು ಹಾಗಲ್ಲ. ಇಲ್ಲಿ ನೀಲಿ ಬಿದ್ದೇ ಇಲ್ಲ. ಹಿಂದೆ ಒಂದು ಮೂಲೆಗೆ ಹಳದಿ ಡಾಗ್, ಕಲೆ, ಅದೆ. ಯಾರೋ ಭಾಜಿ ತಿಂದ ಕೈಯಿಂದ ಹಿಡಿದಾರೆ. ಪಾಪ, ಅದೊಂದು ಕಮ್ಮಿ."

ಇಂಥ ಚೀಟಿ ಹೊರಗೆ ಬರುವುದು ಹೇಗೆ ಎಂದು ನಿಮ್ಮಪ್ಪ ಕೇಳಿದರು. ಅವರು ಸಂತೋಷದಿಂದ ವಿವರಿಸಿದರು. ಬಣ್ಣಗಳು ಒಂದಾದ ಮೇಲೊಂದು ಅಚ್ಚಾಗುತ್ತವೆ. ಯಾವುದೋ ಹಾಳೆಗೆ, ಇಲ್ಲವೆ ಹಾಳೆಯ ಒಂದು ಮೂಲೆಗೆ ಮಾತ್ರ, ಒಂದು ಬಣ್ಣ ಬೀಳದೆ ಹೋಗುತ್ತದೆ. ಹಾಳೆ ಹಾಳೆ ನೋಡುವವರು ಇರುತ್ತಾರೆ. ಕೆಟ್ಟದ್ದನ್ನು ಬೇರೆ ಮಾಡಿ ನಾಶ ಮಾಡುತ್ತಾರೆ. ಎಂದಾದರೂ ಒಮ್ಮೆ ಕಣ್ಣು ತಪ್ಪಿ ಒಳ್ಳೆಯ ಹಾಳೆಗಳ ನಡುವೆ ಸೇರಿ ಅದು ಪೋಸ್ಟಿಗೆ ಹೋಗುತ್ತದೆ. ಕೌಂಟರಿನವರು ನೋಡದೆ ಹರಿದು ಕೊಡುತ್ತಾರೆ, ಕೊಂಡವರು ನೋಡದೆ ಹಚ್ಚುತ್ತಾರೆ. ಹೆಚ್ಚಿನವು ಲಕೋಟೆಯ ಜೊತೆ ಕಸಕ್ಕೆ ಹೋಗುತ್ತವೆ. ಯಾರದೋ ಕಣ್ಣಿಗೆ ಬಿದ್ದ ಒಂದೆರಡು ಮಾತ್ರ ತಮ್ಮಂಥ ಅಂಗಡಿಗೆ, ಅಲ್ಲಿಂದ ಮುಂಬಯಿಯ ದೊಡ್ಡ ಅಂಗಡಿಗೆ, ಅಲ್ಲಿಂದ ಹರಾಜಿಗೆ, ಕೊನೆಗೆ ಯಾರದೋ ಕಪಾಟಿಗೆ.

"ಅದು ಸೀದಾ ದಾರಿ" ಎಂದು ಅವರು ದನಿ ತಗ್ಗಿಸಿದರು. "ಇನ್ನೊಂದು ದಾರಿ ಇದೆ. ನಾಶ ಆಗಬೇಕಾದದ್ದನ್ನ ಒಳಗಿನವರೇ ಯಾರೋ ಹೊರಗೆ ತರೋದು. ಅಂಥ ಮಾಲು ನನಗೆ ಬೇಡ. ಅದಕ್ಕೇ ಕೇಳ್ತೀನಿ. ಆಜಿ, ನಿಮ್ಮದು ಯಾವ ಊರು?"

"ನಾಶಿಕ್ ರೋಡ್" ಎಂದೆ.

ಅವರು ಚಿಮಟವನ್ನು ಕೆಳಗಿಟ್ಟರು.

ಬೇರೇನೂ ಮಾಡಲಿಲ್ಲ. ಬೈಯಲಿಲ್ಲ, ಎದ್ದು ಹೋಗಿ ಎನ್ನಲಿಲ್ಲ. ದೇಶದ ಅಂಚೆಚೀಟಿಗಳು ನಮ್ಮ ಊರಿನ ಸರಕಾರಿ ಪ್ರೆಸ್ಸಿನಲ್ಲಿ ಅಚ್ಚಾಗುತ್ತವೆ ಎಂದು ಅಂಥವರಿಗೆಲ್ಲ ಗೊತ್ತು. "ಮನೆಯಲ್ಲಿ ಯಾರಾದರೂ ಪ್ರೆಸ್ಸಿನಲ್ಲಿದ್ದರಾ?" ಎಂದಷ್ಟೇ ಕೇಳಿದರು. ಇಲ್ಲ, ಮಾವನವರು ಇದ್ದದ್ದು ವಿಮಾನದ ಕಾರ್ಖಾನೆಯಲ್ಲಿ ಎಂದು ನಿಮ್ಮಪ್ಪ ಹೇಳಿದರು. "ಸ್ನೇಹಿತರು?" ಎಂದರು. ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ. ಆ ನೆಲ ನೋಡಿದ್ದೇ ಅವರಿಗೆ ಉತ್ತರವಾಗಿರಬೇಕು.

"ಎಲ್ಲಿಂದ ಬಂತು ಅನ್ನೋದನ್ನ ತಿಳಿದುಕೊಂಡು ಬನ್ನಿ" ಎಂದು ಅವರು ಮಡಿಕೆಯನ್ನು ನಮ್ಮ ಕಡೆ ಸರಿಸಿದರು. "ಇದರ ಕಥೆ ಇಲ್ಲದಿದ್ದರೆ ಇದು ಬರೇ ಅನುಮಾನ."

ಸ್ನೇಹಿತರು ಇದ್ದರು, ಮಕ್ಕಳೇ. ನೀವು ಪ್ರೆಸ್ ಆಜೋಬಾ ಎನ್ನುವ ಆ ಪ್ರೆಸ್ಸಿನ ಅಜ್ಜನೇ. ನಮ್ಮ ಗೋಡೆಗೆ ಗೋಡೆ ಅವರ ಮನೆ. ಅವರು ನನ್ನನ್ನು ಅತ್ತಿಗೆಯೆಂದು ವಹಿನಿ ಎನ್ನುತ್ತಾರೆ, ನಾನು ಅವರನ್ನು ಮೈದುನನೆಂದು ಭಾವೂಜಿ ಎನ್ನುತ್ತೇನೆ. ಕೆಲಸದಲ್ಲಿದ್ದಾಗ ಅಚ್ಚಾದ ಹಾಳೆಗಳನ್ನು ನೋಡಿ ಕೆಟ್ಟದ್ದನ್ನು ಬೇರೆ ಮಾಡುವ ಜಾಗದಲ್ಲಿದ್ದರು. ನಿಮ್ಮ ಅಜ್ಜ ಓಝರ್ ಬಳಿಯ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ತಪಾಸಣೆ ಮಾಡುತ್ತಿದ್ದರು. ಇಬ್ಬರದೂ ತಪ್ಪು ಹುಡುಕುವ ಕೆಲಸ, ಅದಕ್ಕೇ ಸ್ನೇಹ. ರವಿವಾರ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, ನನ್ನ ಜೋಳದ ಭಕ್ರಿ ಒಂದು ಕಡೆ ದಪ್ಪ ಒಂದು ಕಡೆ ತೆಳು ಎಂದು ವಾದಿಸುತ್ತಿದ್ದರು. "ಭಕ್ರಿಗೂ ಪಾಸ್ ಫೇಲ್ ಮಾಡೋರು ನೀವಿಬ್ರೇ ನೋಡ್ರಿ" ಎಂದು ನಾನು ಒಳಗಿನಿಂದಲೇ ಗೊಣಗುತ್ತಿದ್ದೆ.

ತಿರುಗಿ ನಾಶಿಕಕ್ಕೆ ಬರುವಾಗ ಬಸ್ಸಿನಲ್ಲಿ ನನ್ನ ತಲೆ ಸುಮ್ಮನೆ ಕೂರಲಿಲ್ಲ. ನಿಮ್ಮವ್ವನ ಮದುವೆಯ ಕಾಲಕ್ಕೆ ನಮ್ಮ ಕೈ ಬಿಗಿಯಾಗಿತ್ತು. ಭಾವೂಜಿ, "ಇಟ್ಟುಕೋ, ಮುಂದೆ ಕಷ್ಟಕ್ಕೆ ಆದೀತು" ಎಂದು ಗೆಳೆಯನ ಕೈಗೆ ಕೊಟ್ಟಿರಬಹುದೇ? ಅಜ್ಜ ಬೇಡ ಎನ್ನಲಾರದೆ ಇಟ್ಟುಕೊಂಡಿರಬಹುದೇ? ಇಲ್ಲದಿದ್ದರೆ ನನಗೆ ಯಾಕೆ ಹೇಳಲಿಲ್ಲ? ಚಪ್ಪಲಿ ಹರಿದರೂ ಹೇಳುತ್ತಿದ್ದವರು.

ನಿಮ್ಮ ಅಜ್ಜ ಎಂಥವರು ಎಂದು ನಿಮಗೆ ಹೇಳಬೇಕು. ಬಾಳ್ಯಾ, ನೀನು ಅವರನ್ನು ನೋಡಿಯೇ ಇಲ್ಲ. ನಮ್ಮ ಕುರ್ಚಿಯ ಒಂದು ಸ್ಕ್ರೂ ಬಿದ್ದುಹೋಗಿತ್ತು. ಅದಕ್ಕಾಗಿ ಸಾತಪುರದವರೆಗೆ ಹೋಗಿ ಅಂಗಡಿಯಲ್ಲಿ ಕೊಂಡು ತಂದರು. "ವಿಮಾನ ಮಾಡೋರ ಮನ್ಯಾಗ ಒಂದ್ ಸ್ಕ್ರೂ ಇಲ್ಲೇನ್ರಿ?" ಎಂದು ನೆರೆಯವರು ನಕ್ಕರು. ಅಜ್ಜ ನಗಲಿಲ್ಲ. "ಆ ಸ್ಕ್ರೂ ಆಕಾಶಕ್ಕ ಹೋಗೂದು, ಕುರ್ಚಿಗಲ್ಲ" ಎಂದರು. ಕಾರ್ಖಾನೆಯ ಒಂದು ಚಿಂದಿ ಬಟ್ಟೆ ಕೂಡ ನಮ್ಮ ಮನೆಗೆ ಬಂದದ್ದಿಲ್ಲ. ಅಂಥವರ ಪೆಟ್ಟಿಗೆಯಲ್ಲಿ ಇದು ಹೇಗೆ ಬಂತು? ಬೇರೆಯವರ ಮನೆಯಲ್ಲಿ ಸಿಕ್ಕಿದ್ದರೆ ನಾನು ಒಮ್ಮೆ ನಕ್ಕು ಬಿಡುತ್ತಿದ್ದೆ.

ಭಾವೂಜಿಯ ಚಾಳಿಗಳೆಲ್ಲ ಈಗ ಬೇರೆ ಥರ ಕಾಣತೊಡಗಿದವು. ಅವರ ಮನೆಯಲ್ಲಿ ಹಚ್ಚದ ಅಂಚೆಚೀಟಿ ಒಂದೂ ಇರುತ್ತಿರಲಿಲ್ಲ. ಕಾಗದ ಹಾಕಬೇಕಾದರೆ ಪೋಸ್ಟಿಗೆ ಹೋಗಿ, ಒಂದೇ ಒಂದು ಚೀಟಿ ಕೊಂಡು, ಕೌಂಟರಿನ ಮುಂದೆಯೇ ಹಚ್ಚಿ, ಡಬ್ಬಿಗೆ ಹಾಕಿ ಬರುತ್ತಿದ್ದರು. ಡ್ಯೂಟಿ ಮುಗಿಸಿ ಬರುವವರನ್ನು ಗೇಟಿನಲ್ಲಿ ತಪಾಸಣೆ ಮಾಡಿಯೇ ಬಿಡುತ್ತಿದ್ದರಂತೆ. ನಿವೃತ್ತರಾದ ಮೇಲೂ ಅವರು ನಮ್ಮ ಮನೆಯಿಂದ ಹೊರಡುವಾಗ ಕಿಸೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮೊದಲು ಅದನ್ನು ಕಂಡು ನಗು ಬರುತ್ತಿತ್ತು. ಈಗ, ಇಷ್ಟು ಹೆದರುವವನಿಗೆ ಹೆದರಲು ಕಾರಣ ಇದ್ದಿರಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕೂತಿದ್ದಾಗ ಚಹಾ ಕೊಟ್ಟು, ಬಾಗಿಲ ಮರೆಯಲ್ಲಿ ನಿಂತು ಹೇಳಿದೆ: "ಭಾವೂಜಿ, ಇವರ ಪೆಟ್ಟಿಗ್ಯಾಗ ಹಳೇ ಅಂಚೆಚೀಟಿ ಸಿಕ್ಕಾವ್ರಿ."

ಎಂಥ ಚೀಟಿ, ಎಷ್ಟು ಹಳೆಯವು ಎಂದು ಯಾರಾದರೂ ಕೇಳುತ್ತಾರೆ. ಅವರು ಕೇಳಲಿಲ್ಲ. "ಯಾರು ಯಾರು ನೋಡಿದಾರೆ?" ಎಂದರು.

ಅಳಿಯ ಫೋಟೋ ತೆಗೆದದ್ದನ್ನು ಹೇಳಿದೆ. ಅವರ ಮುಖ ಕಂದಿತು. ಕಪ್ಪನ್ನು ಅರ್ಧಕ್ಕೇ ಇಟ್ಟರು.

"ಜಾಳೂನ್ ಟಾಕಾ, ವಹಿನೀ. ಸುಟ್ಟುಬಿಡಿ" ಎಂದರು. ಎದ್ದು ಕಿಸೆ ಮುಟ್ಟಿಕೊಂಡು ಹೊರಟರು.

ಸುಟ್ಟುಬಿಡಿ ಎಂದರೆ ಏನರ್ಥ? ನನಗೆ ಒಂದೇ ಅರ್ಥ ಹೊಳೆಯಿತು. ಅಂದಿನಿಂದ ನಾನು ಬೆಳಿಗ್ಗೆ ಕಟ್ಟೆಯ ಕಡೆಯ ಬಾಗಿಲು ತೆರೆಯುವುದನ್ನು ಬಿಟ್ಟೆ. ಅವರೂ ಬರುವುದನ್ನು ಬಿಟ್ಟರು. ಗೋಡೆಯಾಚೆ ಅವರು ಕೆಮ್ಮಿದರೆ ನಾನು ಇಲ್ಲಿ ಪಾತ್ರೆ ಸದ್ದು ನಿಲ್ಲಿಸಿ ಕೇಳುತ್ತಿದ್ದೆ. ನಮ್ಮ ಮನೆಗೆ ಯಾರಾದರೂ ಬಂದರೆ ಅವರ ಕಿಟಕಿಯ ಪರದೆ ಅಲುಗುತ್ತಿತ್ತು. ಮಗಳು ಫೋನು ಮಾಡಿ, "ಅವ್ವಾ, ಸೀದಾ ಹೋಗಿ ಕೇಳ್ಬಾರ್ದೇನ?" ಎಂದರೆ, "ಏನಂತ ಕೇಳ್ಲಿ? ನೀವು ಕಳ್ರೇನ್ರಿ ಅಂತನಾ?" ಎಂದು ಸಿಡುಕಿದೆ.

ಒಲೆಯ ಮುಂದೆ ಮಡಿಕೆ ಹಿಡಿದು ನಿಂತದ್ದೂ ಉಂಟು. ಸುಡಲು ಕೈ ಬರಲಿಲ್ಲ. ಸುಟ್ಟರೆ ಅನುಮಾನ ಸುಡುವುದಿಲ್ಲವಲ್ಲ, ಚೀಟಿ ಮಾತ್ರ ಸುಡುತ್ತದೆ.

ಮತ್ತೆ ಒಂದು ದಿನ ಅದನ್ನು ಅಡಗಿಸುವ ಜಾಗ ಬದಲಿಸುತ್ತಿದ್ದೆ. ಜೋಳದ ಹಿಟ್ಟಿನ ಡಬ್ಬಿ ಸರಿ ಅನ್ನಿಸಿ, ಬೆಣ್ಣೆ ಕಾಗದ ಹಳೆಯದಾಗಿದೆ, ಹೊಸದರಲ್ಲಿ ಸುತ್ತೋಣ ಎಂದು ಬಿಚ್ಚಿದೆ. ಚೀಟಿಗಳು ಬೋರಲಾಗಿ ಬಿದ್ದವು. ಆ ದಿನ ಅಂಗಡಿಯಲ್ಲಿ ನಾಚಿಕೆಯಿಂದ ನಾನು ಬಗ್ಗಿ ನೋಡಿರಲಿಲ್ಲ. ಈಗ ಹಳದಿ ಡಾಗನ್ನು ಕಂಡೆ. ಒಂದು ಚೀಟಿಯ ಹಿಂದೆ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಇತ್ತು. ಅಷ್ಟು ಜಾಗದಲ್ಲಿ ಅಂಟು ಕರಗಿ ಮತ್ತೆ ಒಣಗಿ ಮಿರಮಿರ ಎನ್ನುತ್ತಿತ್ತು.

ಭಾಜಿ ಎಂದಿದ್ದರು ಆ ಹಿರಿಯರು. ಭಾಜಿಯ ಕೈಯಾದರೆ ಎಣ್ಣೆ ಇರಬೇಕು, ಕಾಗದ ಬೆಳಕಿಗೆ ಹಿಡಿದರೆ ಆ ಜಾಗ ಪಾರದರ್ಶಕವಾಗಿ ಕಾಣಬೇಕು. ಕಿಟಕಿಗೆ ಹಿಡಿದೆ. ಎಣ್ಣೆ ಇರಲಿಲ್ಲ. ಬೆಣ್ಣೆ ಕಾಗದದ ಮೇಲೂ ಅದೇ ಆಕಾರದ ಹಳದಿ ಇಳಿದಿತ್ತು. ಎಲೆಯಡಿಕೆಯ ಡಬ್ಬಿಯಿಂದ ಒಂದು ಚೂರು ಸುಣ್ಣ ತೆಗೆದು ನೀರಿನಲ್ಲಿ ಕದಡಿ, ಕಡ್ಡಿಯ ತುದಿಯಿಂದ ಬೆಣ್ಣೆ ಕಾಗದದ ಆ ಕಲೆಗೆ ಮುಟ್ಟಿಸಿದೆ. ನೋಡುತ್ತಿದ್ದಂತೆ ಕೆಂಪಗಾಯಿತು.

ಅರಿಷಿಣ. ಸುಣ್ಣಕ್ಕೆ ಅರಿಷಿಣ ಕೆಂಪಾಗುವುದನ್ನು ಹಳ್ಳಿಯಲ್ಲಿ ಕೂಸುಗಳೂ ಬಲ್ಲವು. ಆದರೆ ಅಂಚೆಚೀಟಿಗೆ ಅರಿಷಿಣ ಹಚ್ಚುವವರು ಯಾರು?

ನಾವೇ. ಬೇರೆ ಯಾರು!

ಅದನ್ನು ನಿಮಗೆ ತಿಳಿಸಿ ಹೇಳಬೇಕು. ನಮ್ಮ ಅತ್ತೆ, ಎಂದರೆ ಅಜ್ಜನ ತಾಯಿ, ಬಹಳ ಮಡಿಯವರು. ಲಗ್ನಪತ್ರಿಕೆ ದೇವರ ಮುಂದೆ ಇಟ್ಟು ಹಂಚುವ ಕಾಗದ, ಅದಕ್ಕೆ ನಾಲಿಗೆಯಿಂದ ನೆಕ್ಕಿ ಚೀಟಿ ಹಚ್ಚಿದರೆ ಎಂಜಲಾಗುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ಯಾರ ಮದುವೆಯಾದರೂ ಬಟ್ಟಲಿನಲ್ಲಿ ಅರಿಷಿಣದ ನೀರು ಕಲಸಿಟ್ಟು, ಬೆರಳು ಅದ್ದಿ ಚೀಟಿಯ ಹಿಂದೆ ಸವರಿ ಹಚ್ಚುತ್ತಿದ್ದರು. ನಮ್ಮ ಕಡೆಯಿಂದ ಹೋದ ಪತ್ರಿಕೆಗಳೆಲ್ಲ ಹಳದಿ ಅಂಚಿನವು. ಪೋಸ್ಟಮನ್ ಕೂಡ ದೂರದಿಂದಲೇ ಗುರುತು ಹಿಡಿಯುತ್ತಿದ್ದ.

ನಿಮ್ಮವ್ವನ ಮದುವೆಯ ಪತ್ರಿಕೆ ಬಂದಾಗ ಅತ್ತೆ ಊರಿನಿಂದ ಬಂದಿದ್ದರು. ನಮ್ಮ ಮನೆದೇವರು ಎಲ್ಲಮ್ಮ. ಸವದತ್ತಿ ದೂರವಾಯಿತೆಂದು, ಚಾಂದವಡದ ರೇಣುಕೆಯೂ ಅವಳೇ ಅಲ್ಲವೇ ಎಂದು, ಮೊದಲ ಪತ್ರಿಕೆಯನ್ನು ಅಲ್ಲಿ ಇಟ್ಟು ಬರಲು ನನ್ನನ್ನೂ ಮಗಳನ್ನೂ ಕಳಿಸಿದರು. ಉಳಿದ ಪತ್ರಿಕೆಗಳಿಗೆ ಚೀಟಿ ಹಚ್ಚಿದ್ದು ಆ ದಿನ, ನಾವಿಬ್ಬರೂ ಇಲ್ಲದಾಗ. ಸಂಜೆ ನಾನು ಪ್ರಸಾದದ ಜೊತೆ ಬಂದಾಗ ಅತ್ತೆ ಕೈ ತೊಳೆಯುತ್ತ ಗೊಣಗುತ್ತಿದ್ದರು: "ನಿನ್ನ ಗಂಡ ಏನೇನೋ ತರ್ತಾನ ನೋಡು, ಲಗ್ನಕ್ಕ ಬಣ್ಣ ಇಲ್ಲದ್ದು." ಮದುವೆಯ ಗಡಿಬಿಡಿ. ಸೀರೆಯ ಮಾತು ಎಂದು ತಿಳಿದು ನಾನು ಬಿಟ್ಟಿದ್ದೆ. ಕಡ್ಡಿಯ ತುದಿಯ ಕೆಂಪು ನೋಡುತ್ತ ನಿಂತಾಗ ಆ ಗೊಣಗು ಮತ್ತೆ ಕೇಳಿಸಿತು.

ಆದರೂ ನನ್ನ ಅನುಮಾನ ಪೂರ್ತಿ ಇಳಿಯಲಿಲ್ಲ. ಈ ಸಲ ಕೇಳಲೇಬೇಕು ಅಂದುಕೊಂಡೆ. ಆದರೆ ಕಲೆಯ ಮಾತು ಮೊದಲು ಎತ್ತಬಾರದು. ಅದನ್ನು ನಾನು ಹೇಳಿಬಿಟ್ಟರೆ ಯಾರಾದರೂ ಹೌದು ಹೌದು ಎನ್ನಬಹುದು. ಭಾವೂಜಿಯ ಬಾಯಿಂದ ತಾನಾಗಿ ಬಂದರೆ ನಂಬುವುದು, ಇಲ್ಲದಿದ್ದರೆ ಆ ಬಾಗಿಲು ಮತ್ತೆ ತುಳಿಯುವುದಿಲ್ಲ ಎಂದು ನಿಶ್ಚಯಿಸಿ ಹೋದೆ.

ಅವರು ಹೊಸ್ತಿಲಲ್ಲೇ ನಿಂತರು. "ಸುಟ್ಟಿರಾ?"

"ಇಲ್ರಿ. ಅವು ನಮ್ಮ ಮನಿಗೆ ಬಂದ ದಿನ ನೀವು ಅಲ್ಲಿದ್ರೇನ್ರಿ?"

ಅವರು ಬಾಗಿಲು ಎಳೆದುಕೊಂಡು ಹೊರಗೆ ಬಂದರು. ಆಮೇಲೆ ಮೆಟ್ಟಿಲ ಮೇಲೆ ಕೂತರು.

"ಇದ್ದೆ. ಮರಾಠಿ ವಿಳಾಸ ಬರೆಯೋಕೆ ಅವನೇ ಕರೆದಿದ್ದ. ನಾನು ಚೀಟಿಯ ಹತ್ತಿರ ಕೂರಲಿಲ್ಲ, ನಿಮಗೆ ಗೊತ್ತಲ್ಲ ನನ್ನ ಸಂಗತಿ. ಆಚೆ ಗೋಡೆಗೆ ಕೂತು ಬರೀತಿದ್ದೆ. ಪೋಸ್ಟಿನಿಂದ ಅವನು ತಂದ ಹಾಳೆಗಳನ್ನ ನಿಮ್ಮ ಸಾಸೂಬಾಯಿ, ಅತ್ತೆಯವರು, ಹರಿದು ಹರಿದು ಹಚ್ಚುತ್ತಿದ್ದರು. ಒಂದು ಹಾಳೆಯ ಕೊನೆಯ ನಾಲ್ಕರ ತುಂಡಿನ ಮೂಲೆಗೆ ಬೆರಳು ಸವರಿ, ತಿರುಗಿಸಿ ನೋಡಿ, 'ಇಶ್ಶೀ, ಇದೇನ ಬಿಳೇ ಹಕ್ಕಿ, ಲಗ್ನಕ್ಕ ಇಂಥಾದ್ದು ಬ್ಯಾಡ' ಅಂತ ಬದಿಗೆ ಎಸೆದರು. ನನಗೆ ದೂರದಿಂದಲೇ ಕಂಡಿತು. ಪೆನ್ನು ಕೆಳಗಿಟ್ಟು ಎದ್ದುಬಿಟ್ಟೆ."

"ಬೆರಳಿಗೆ ಏನಿತ್ರಿ?" ಎಂದೆ.

"ಏನು ಅಂದರೆ? ಹಳದ. ನಿಮ್ಮವರ ಬಟ್ಟಲು ಇತ್ತಲ್ಲ, ಅರಿಷಿಣದ್ದು. ನೆಕ್ಕಬೇಡಿ ಅಂತ ನನಗೂ ಬೈದಿದ್ದರು, ನಾನು ಮುಟ್ಟದಿದ್ದರೂ."

ಮಕ್ಕಳೇ, ನಾನು ಆ ಮೆಟ್ಟಿಲ ಮೇಲೆ ಅವರಿಂದ ಸ್ವಲ್ಪ ದೂರದಲ್ಲಿ ಕೂತುಬಿಟ್ಟೆ. ಗಂಡಸರ ಸಮಕ್ಕೆ ನಾನು ಎಂದೂ ಕೂತವಳಲ್ಲ.

ಉಳಿದದ್ದನ್ನು ಅವರು ಹೇಳಿದರು. ಆ ತುಂಡನ್ನು ಸುಟ್ಟುಬಿಡು ಎಂದು ಗೆಳೆಯನಿಗೆ ಕೈಮುಗಿದಿದ್ದರಂತೆ. ಇದು ಹೊರಗೆ ಗೊತ್ತಾದರೆ ಪಕ್ಕದ ಮನೆಯವನು ಯಾರು, ಎಲ್ಲಿ ಕೆಲಸ ಎಂದು ಮೊದಲು ಕೇಳುತ್ತಾರೆ, ನೌಕರಿ ಹೋಗುತ್ತದೆ, ವಹಿನಿಗೂ ಹೇಳಬೇಡ ಎಂದಿದ್ದರಂತೆ. ಅಜ್ಜ ಏನೆಂದರು ಎಂದು ಕೇಳಿದೆ.

"ಅವನಾ? ಮೊಂಡ. 'ನಮ್ಮಲ್ಲಿ ಕೆಟ್ಟ ಪಾರ್ಟು ಸಿಕ್ಕರ ಸುಡೂದಿಲ್ಲಪಾ, ಬ್ಯಾರೆ ಕಟ್ಟಿ ಇಡ್ತೀವಿ. ನಾಳೆ ಯಾರರ ಕೇಳಿದ್ರ ತೋರ್ಸಾಕ ಬೇಕು' ಅಂದ. ಹೇಳಬೇಡ ಅಂದದ್ದಕ್ಕೆ ಮಾತ್ರ ಒಪ್ಪಿದ. ನಾನು ಇಷ್ಟು ವರ್ಷ ಅವನು ಸುಟ್ಟಿರಬಹುದು ಅಂದುಕೊಂಡು ಮಲಗುತ್ತಿದ್ದೆ."

ನನಗೆ ಹೇಳದ್ದಕ್ಕೆ ಕಾರಣ ಸಿಕ್ಕಿತು. ಕೊಟ್ಟ ಮಾತು. ನನಗೆ ಸಿಟ್ಟೂ ಬಂತು, ಎದೆಯ ಕಲ್ಲೂ ಇಳಿಯಿತು.

ಮತ್ತೊಮ್ಮೆ ಸಂಭಾಜಿನಗರಕ್ಕೆ ಬಂದಾಗ ನಾನೇ ಆ ಮಾಳಿಗೆ ಹತ್ತಿದೆ. ನಿಮ್ಮವ್ವ ಜೊತೆಗಿದ್ದಳು, ಮಾತು ನಾನೇ ಆಡಿದೆ. ಕೆಂಪಾದ ಬೆಣ್ಣೆ ಕಾಗದ ತೋರಿಸಿದೆ. ಅಂಗಡಿಯವರು ಕೇಳಿಸಿಕೊಂಡರು, ಕೇಳಿ ತಲೆ ಅಲ್ಲಾಡಿಸಿದರು. "ಅರಿಷಿಣ ಇದ್ದರೆ ನಿಮ್ಮ ಮನೆಯಲ್ಲಿ ಇತ್ತು ಅಂತ ಆಯಿತು. ಎಲ್ಲಿಂದ ಬಂತು ಅಂತ ಹೇಗೆ ಆಯಿತು, ಆಜಿ?"

ಅವರೂ ನನ್ನ ಹಾಗೆಯೇ. ಎಳ್ಳಷ್ಟೂ ನಂಬುವವರಲ್ಲ.

ಬಸ್ಸಿನಲ್ಲಿ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. "ಇದರ ಬೆಲೆ ಗೊತ್ತಿದ್ದವರು ಯಾರಾದರೂ ಇದಕ್ಕ ನೀರ ಹಚ್ತಾರೇನ್ರಿ?" ಎಂದೆ. "ಕದ್ದು ತಂದಿದ್ದರ ಲಗ್ನಪತ್ರಿಕಿ ಹಚ್ಚೋ ಮುದುಕಿಯ ಮುಂದ ಗುಂಪಿನ್ಯಾಗ ಹಾಕ್ತಿದ್ರೇನ್ರಿ? ನಮ್ಮತ್ತಿಗೆ ಇದು ಉಳಿದ ಚೀಟಿ ಹಂಗ ಒಂದು ಚೀಟಿ. ಅದಕ್ಕ ಹಸಿ ಮಾಡಿದ್ರು. ಬಿಳೇದದ ಅಂತ ಬಿಟ್ರು. ಬಿಳೇದು ಲಗ್ನಕ್ಕ ಆಗೂದಿಲ್ಲ ಅನ್ನೋದು ಇರದಿದ್ರ ಇವೂ ಹಚ್ಚಿ ಹೋಗ್ತಿದ್ವು."

ನಿಮ್ಮವ್ವ ನನ್ನ ಬೆನ್ನ ಹಿಂದೆ ಮೆಲ್ಲಗೆ, "ಅವ್ವಾ, ನೀನ ಏನ ಇಷ್ಟ ಮಾತಾಡೂದು?" ಎಂದಳು.

ಹಿರಿಯರು ಕಲೆಯನ್ನು ಭೂತಗನ್ನಡಿಯಲ್ಲಿ ಮತ್ತೆ ನೋಡಿದರು. ಕರಗಿದ ಅಂಟನ್ನು ನೋಡಿದರು. "ಕಳ್ಳ ಹಸಿ ಮಾಡೋದಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಚಿಮಟವನ್ನು ಕೈಗೆ ತೆಗೆದುಕೊಂಡು, ಚೀಟಿಗಳನ್ನು ಎತ್ತಿ ಹೊಸ ಪ್ಲಾಸ್ಟಿಕ್ ಹಾಳೆಯಲ್ಲಿ ಇಟ್ಟುಕೊಟ್ಟರು. ಆ ಚಿಮಟ ಮೇಲೆದ್ದದ್ದನ್ನು ನೋಡಲೆಂದೇ ನಾನು ಅಷ್ಟು ದೂರ ಹೋಗಿದ್ದೆ.

ಆದರೆ ವ್ಯಾಪಾರಿ ವ್ಯಾಪಾರಿಯೇ. "ಈ ಹಳದಿ ಹೋಗೋದು ಸುಲಭ, ಆಜಿ. ಬೋರಲು ಹಾಕಿ ಸ್ವಲ್ಪ ಬಿಸಿಲಿಗೆ ಇಟ್ಟರೆ ಅರಿಷಿಣ ಹಾರಿಹೋಗ್ತದೆ. ಆಗ ಕೊಳ್ಳುವವರು ಮುಗಿಬೀಳ್ತಾರೆ. ಬಿಟ್ಟು ಹೋಗಿ, ನಾನು ಮಾಡಿಡ್ತೀನಿ" ಎಂದರು.

ಬಿಟ್ಟು ಹೋಗಿ ಎಂದ ಕೂಡಲೇ ನಾನು ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ. ಅವರು ಒಳ್ಳೆಯವರೇ ಇರಬಹುದು. ಆದರೆ ಅತ್ತೆಯ ಬೆರಳನ್ನು ಬಿಸಿಲಿಗಿಟ್ಟು ಅಳಿಸಿದರೆ, ನಾಳೆ ಯಾರಾದರೂ ಅಜ್ಜನ ಬಗ್ಗೆ ಕೇಳಿದಾಗ ಎದ್ದು ನಿಂತು ಹೇಳುವವರು ಯಾರು? ಆ ಬೆರಳು ನೋಡಿ ನನಗೆ ಇನ್ನೊಂದೂ ಅನ್ನಿಸಿತು. ಈಗ ಯಾರದಾದರೂ ಮದುವೆಗೆ ಆ ಬಟ್ಟಲು ಇಟ್ಟರೆ ಅಜ್ಜ ಹೋದ ಮೇಲೆ ಅರಿಷಿಣ ಕುಂಕುಮ ಬಿಟ್ಟ ನನ್ನನ್ನು ಅತ್ತೆ ಹತ್ತಿರ ಕೂರಿಸಿಕೊಳ್ಳುತ್ತಿದ್ದರೋ ಇಲ್ಲವೋ. ಅದು ಇರಲಿ.

ನಾಶಿಕಕ್ಕೆ ಬಂದ ಮರುದಿನ ಕಟ್ಟೆಯ ಬಾಗಿಲು ತೆರೆದು ಎರಡು ಕಪ್ ಚಹಾ ಮಾಡಿದೆ. ಭಾವೂಜಿ ಬಂದರು. ಚೀಟಿಗಳನ್ನು ತಟ್ಟೆಯಲ್ಲಿಟ್ಟು ಮುಂದಿಟ್ಟೆ. ಅವರು ಎದ್ದು ಹೋಗಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದು, ಅಂಗೈ ಚಾಚಿದರು. ಪ್ಲಾಸ್ಟಿಕ್ಕಿನಿಂದ ತೆಗೆದು ಅಂಗೈಗೆ ಹಾಕಿದೆ. ಹಚ್ಚದ ಅಂಚೆಚೀಟಿಯನ್ನು ಅವರು ಮನೆಯಲ್ಲಿ ಕೈಯಲ್ಲಿ ಹಿಡಿದದ್ದು ಅದೇ ಮೊದಲು ಎಂದು ಕಾಣುತ್ತದೆ.

ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಮ್ಮ ಪಾಳಿಯಲ್ಲಿ ಆದದ್ದಲ್ಲ ಇದು" ಎಂದರು.

"ಹೌದ್ರಿ, ನಿಮ್ಮ ಕಣ್ಣ ತಪ್ಪತಾವೇನ್ರಿ? ಬರೇ ನನ್ನ ಭಕ್ರಿ ಸಿಗ್ತಾವು ನಿಮಗ" ಎಂದೆ.

ನಕ್ಕರು. ಹೋಗುವಾಗ ಕಿಸೆ ಮುಟ್ಟಿ ನೋಡಿಕೊಂಡರು. ನಾನೂ, ಸುಳ್ಳೇಕೆ ಹೇಳಲಿ, ತಟ್ಟೆ ಒಳಗೆ ತರುವಾಗ ನಾಲ್ಕೂ ಇವೆಯೇ ಎಂದು ನೋಡಿಕೊಂಡೆ. ಹತ್ತಿದ ಅನುಮಾನ ಒಂದೇ ದಿನಕ್ಕೆ ಇಳಿಯುವುದಿಲ್ಲ.

ಚೀಟಿಗಳು ನಿಮ್ಮಿಬ್ಬರವು. ಎಲ್ಲಿ ಇಟ್ಟಿದ್ದೇನೆ ಎಂದು ಇಲ್ಲಿ ಬರೆಯುವುದಿಲ್ಲ, ಇದನ್ನು ಯಾರು ಓದುತ್ತಾರೋ. ನಿಮ್ಮವ್ವನಿಗೆ ಬಾಯಲ್ಲಿ ಹೇಳಿದ್ದೇನೆ. ಮುಂದೆ ಇಟ್ಟುಕೊಳ್ಳುವುದೋ ಮಾರುವುದೋ ನಿಮಗೆ ಬಿಟ್ಟದ್ದು. ನಾಲ್ಕನ್ನು ಹರಿದು ಬೇರೆ ಮಾಡಬೇಡಿ, ಹಳದಿಯನ್ನು ಅಳಿಸಬೇಡಿ. ನೋಡಿದವರು ಮೊದಲು ಕೇಳುವುದು, ಇವು ನಿಮ್ಮ ಮನೆಗೆ ಹೇಗೆ ಬಂದವು ಎಂದೇ. ಆಗ ನನ್ನ ಹಾಗೆ ನೆಲ ನೋಡಬೇಡಿ. ಈ ಹಾಳೆಗಳನ್ನು ಮುಂದಿಡಿ. ಅದಕ್ಕಾಗಿ ಚೀಟಿಗಿಂತ ಹೆಚ್ಚು ಜೋಪಾನ ಇವುಗಳಿಗೆ ಬೇಕು. ಮಡಿಸದೆ, ನೀರು ತಾಗಿಸದೆ, ಯಾರಿಗೂ ಫೋಟೋ ತೆಗೆಯಲು ಕೊಡದೆ, ಅಜ್ಜನ ಕಂಪಾಸ್ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಿ.